ಜಾರುಗಂಟು

ಅಮ್ಮ ಮೊದಲ ಸಲ ಲಂಡನ್ನಿಗೆ ಬಂದದ್ದು 2015ರ ಜನವರಿಯಲ್ಲಿ. ಆರು ತಿಂಗಳ ವೀಸಾ, ಎರಡು ಸ್ವೆಟರು, ಒಂದು ಕೆ.ಜಿ. ಹತ್ತಿ. ಹತ್ತಿ ಬತ್ತಿ ಹೊಸೆಯೋದಕ್ಕೆ. ಹೊರಗೆ ಹೋದರೆ ಚಳಿ, ಒಳಗಿದ್ದರೆ ಟಿವಿ, ಟಿವಿ ಮುಂದೆ ಕೂತರೆ ಕೈ ಸುಮ್ಮನಿರಬಾರದು. ಬೇಸಿಗೆ ಬರುವಷ್ಟರಲ್ಲಿ ಇಡೀ ಇಂಗ್ಲೆಂಡಿಗೆ ದೀಪ ಹಚ್ಚುವಷ್ಟು ಬತ್ತಿ ನಮ್ಮ ಮನೆಯ ಶೂ ಡಬ್ಬಿಗಳಲ್ಲಿ ತುಂಬಿಕೊಂಡಿತ್ತು.

ಫೆಬ್ರವರಿ 25ರ ರಾತ್ರಿ ನಾನು ಐಟಿವಿಯಲ್ಲಿ ಬ್ರಿಟ್ ಅವಾರ್ಡ್ಸ್ ಹಾಕಿಕೊಂಡು ಕೂತಿದ್ದೆ.

"ಇದೇನೋ, ಹಾಡಿನ ಸ್ಪರ್ಧೆನಾ?"

"ಅಲ್ಲಮ್ಮ, ಈ ದೇಶದ ಹಾಡುಗಾರರಿಗೆ ವರ್ಷಕ್ಕೊಂದು ಸಲ ಪ್ರಶಸ್ತಿ ಕೊಡ್ತಾರೆ."

"ಯಾರು ಕೊಡೋದು? ರಾಣೀನಾ?"

"ರೆಕಾರ್ಡ್ ಕಂಪನಿಯವರದ್ದೇ ಒಂದು ಸಂಘ ಇದೆ, ಅವರು."

ಅಮ್ಮ ಬತ್ತಿಯಿಂದ ಕಣ್ಣೆತ್ತಿದರು. "ಅಂದ್ರೆ ಅವರ ಅಂಗಡಿ ಸಾಮಾನಿಗೆ ಅವರೇ ಬಹುಮಾನ ಕೊಟ್ಕೋತಾರೆ ಅನ್ನು."

ಹೌದು ಅನ್ನೋದೊಂದು ಬಿಟ್ಟು ಇದಕ್ಕೆ ಬೇರೆ ಉತ್ತರ ಇರಲಿಲ್ಲ. ರಾಣಿಗೂ ಇದಕ್ಕೂ ನಂಟೇ ಇಲ್ಲ ಅಂತಲ್ಲ, 1977ರಲ್ಲಿ ರಾಣಿ ಪಟ್ಟಕ್ಕೆ ಬಂದು 25 ವರ್ಷ ತುಂಬಿದ ಸಂಭ್ರಮದಲ್ಲೇ ಮೊದಲ ಸಲ ಕೊಟ್ಟಿದ್ದು, 1982ರಿಂದ ವರ್ಷಾವರ್ಷ ಶುರುವಾಯಿತು ಅಂತೆಲ್ಲ ಹೇಳಹೊರಟೆ. ಅಮ್ಮ ಆಗಲೇ ಮುಂದಿನ ಬತ್ತಿಗೆ ಹೋಗಿದ್ದರು. ಮಾತು ಬದಲಿಸೋಣವೆಂದು ಫೋನಿನಲ್ಲಿ ಪ್ರಶಸ್ತಿಯ ಬೊಂಬೆಯ ಫೋಟೋ ತೋರಿಸಿದೆ. ಬ್ರಿಟಾನಿಯಾ ಅನ್ನುವ ನಾಡದೇವಿ. ಈಚೆಗೆ ಬೇರೆ ಬೇರೆ ಕಲಾವಿದರ ಕೈಯಲ್ಲಿ ವಿನ್ಯಾಸ ಮಾಡಿಸುತ್ತಾರೆ. 2013ರಲ್ಲಿ ಡೇಮಿಯನ್ ಹರ್ಸ್ಟ್ ಅನ್ನುವ ಮಹಾ ಕಲಾವಿದ ಅವಳ ಮೈತುಂಬ ಬಣ್ಣದ ಚುಕ್ಕೆ ಇಟ್ಟಿದ್ದ. ಅಮ್ಮ ಒಂದು ಗಳಿಗೆ ನೋಡಿ, "ಪಾಪ, ಮೈಮೇಲೆ ಅಮ್ಮ ಎದ್ದಿದ್ದಾಳೆ. ಬೇವಿನ ಸೊಪ್ಪು ಸಿಗುತ್ತಾ ಇಲ್ಲಿ?" ಅಂದರು.

ಕೊನೆಗೆ ಅಮೆರಿಕದ ಪಾಪ್ ಗಾಯಕಿ ಮಡೋನಾ ಬಂದಳು. ಇಪ್ಪತ್ತು ವರ್ಷದ ಮೇಲೆ ಬ್ರಿಟ್ ವೇದಿಕೆಗೆ ಮತ್ತೆ ಬರುತ್ತಿದ್ದಾಳೆ ಅಂತ ವಾರದಿಂದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಹೆಗಲಿಂದ ನೆಲದವರೆಗೆ ಹರಡಿಕೊಂಡ ಆರ್ಮಾನಿ ಅನ್ನುವ ವಸ್ತ್ರವಿನ್ಯಾಸಕರ ದೊಡ್ಡ ಹೊದಿಕೆ. ಹಾಡುತ್ತಾ ಅವಳು ಮೆಟ್ಟಿಲು ಹತ್ತಿದ ಮೇಲೆ ಹಿಂದಿನಿಂದ ನೃತ್ಯಗಾರರು ಹೊದಿಕೆ ಎಳೆಯಬೇಕು, ಅದು ಹೂವಿನ ಎಸಳಿನ ಹಾಗೆ ಜಾರಿಹೋಗಬೇಕು, ಇದು ಲೆಕ್ಕಾಚಾರ. ಎಳೆದರು. ಹೊದಿಕೆ ಬಂತು, ಜೊತೆಗೆ ಮಡೋನಾನೂ ಬಂದಳು. ಮೆಟ್ಟಿಲಿಂದ ಹಿಮ್ಮುಖವಾಗಿ ಧೊಪ್ಪೆಂದು ಬಿದ್ದಳು. ಐವತ್ತಾರು ವರ್ಷದ ಹೆಂಗಸು, ನೇರ ಪ್ರಸಾರ, ಓ2 ಸಭಾಂಗಣದ ತುಂಬ ಜನ.

ನಾನು ಸೋಫಾದಿಂದ ಎದ್ದೇಬಿಟ್ಟೆ. ಅಮ್ಮ ಏಳಲಿಲ್ಲ.

"ಜಾರುಗಂಟು ಹಾಕ್ಬೇಕಿತ್ತು," ಅಂದರು. "ಕಟ್ಟೋವಾಗಲೇ ಬಿಚ್ಚೋದನ್ನ ಯೋಚ್ನೆ ಮಾಡ್ಬೇಕು. ಕರು ಕಟ್ಟೋ ಹುಡುಗರಿಗೂ ಗೊತ್ತಿರುತ್ತೆ."

ಅಷ್ಟರಲ್ಲಿ ಮಡೋನಾ ಎದ್ದು, ಬಿಟ್ಟ ಕಡೆಯಿಂದಲೇ ಹಾಡು ಹಿಡಿದಿದ್ದಳು. ಅಮ್ಮ ಬತ್ತಿ ಕೆಳಗಿಟ್ಟು ಪೂರ್ತಿ ಕೇಳಿದರು. ಆ ಸಂಜೆ ಅವರು ಮನಸ್ಸಿಟ್ಟು ನೋಡಿದ್ದು ಅದೊಂದನ್ನೇ. ಆಮೇಲೆ ಮಡೋನಾ ಕೂಡ ಅದನ್ನೇ ಹೇಳಿದಳು: ಹೊದಿಕೆ ಜಾರೀತೆಂಬ ಭಯಕ್ಕೆ ತೀರಾ ಬಿಗಿಯಾಗಿ ಕಟ್ಟಿದ್ದರು, ಬಿಚ್ಚಲು ಹೋದರೆ ಬರಲೇ ಇಲ್ಲ. ನಾನು ಅದನ್ನು ಓದಿ ಹೇಳಿದಾಗ ಅಮ್ಮ ತಲೆಯನ್ನೂ ಆಡಿಸಲಿಲ್ಲ.

ಮರುದಿನ ಆಫೀಸಿನಲ್ಲಿ ಬೇರೆ ಮಾತೇ ಇಲ್ಲ. ಯಾರಿಗೆ ಯಾವ ಪ್ರಶಸ್ತಿ ಬಂತು ಅಂತ ಒಬ್ಬರೂ ಕೇಳಲಿಲ್ಲ. ನನ್ನ ಪಕ್ಕದ ಮೇಜಿನವನು ಇಲ್ಲೇ ಹುಟ್ಟಿ ಬೆಳೆದವನು, ಬ್ರಿಟ್ ಅವಾರ್ಡ್ಸಿನ ಸ್ಥಳಪುರಾಣ ಪೂರ್ತಿ ಬಾಯಿಪಾಠ. "ಇದೇನು ಮಹಾ, ನೀನು 1989 ನೋಡಬೇಕಿತ್ತು" ಅಂತ ಶುರು ಮಾಡಿದ. ಆ ವರ್ಷ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಿರೂಪಣೆಗೆ ನಿಂತವರು ಇಬ್ಬರು: ತೆಂಗಿನ ಮರದಂಥ ಡ್ರಮ್ಮರ್ ಮಿಕ್ ಫ್ಲೀಟ್‌ವುಡ್, ಪಕ್ಕದಲ್ಲಿ ಅವನ ಎದೆ ಮಟ್ಟಕ್ಕೂ ಬಾರದ ಗಾಯಕಿ ಸಮಂತಾ ಫಾಕ್ಸ್. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಕ್ಯಾಮೆರಾದವನಿಗೆ ಎಷ್ಟು ಕಷ್ಟವಾಗಿರಬೇಡ. ಓದಿ ಹೇಳಬೇಕಾದ ಸಾಲುಗಳು ಪರದೆಯ ಮೇಲೆ ಕೈಕೊಟ್ಟವು. ಇವರು ಫೋರ್ ಟಾಪ್ಸ್ ಎಂಬ ನಾಲ್ವರು ಗಾಯಕರನ್ನು ಕರೆದರೆ ಬಾಯ್ ಜಾರ್ಜ್ ಎಂಬ ಬೇರೆ ಗಾಯಕ ಒಬ್ಬನೇ ಬಂದು ನಿಂತ. ಅವಮಾನ ಎಷ್ಟಾಯಿತೆಂದರೆ, ಮುಂದೆ 2006ರವರೆಗೂ ನೇರ ಪ್ರಸಾರದ ಸಹವಾಸವೇ ಬೇಡವೆಂದು ಮುದ್ರಿಸಿಕೊಂಡು, ಕತ್ತರಿ ಆಡಿಸಿ, ಮಾರನೆಯ ದಿನ ತೋರಿಸುತ್ತಿದ್ದರು. 2007ರಲ್ಲಿ ಮತ್ತೆ ಧೈರ್ಯ ಬಂತು.

ಕತ್ತರಿ ಇದ್ದ ಕಾಲದಲ್ಲೂ ಜನ ಸುಮ್ಮನಿರಲಿಲ್ಲ. 1996ರಲ್ಲಿ ಮೈಕೇಲ್ ಜಾಕ್ಸನ್ ಮಕ್ಕಳನ್ನೆಲ್ಲ ಸುತ್ತ ಸೇರಿಸಿಕೊಂಡು ಲೋಕೋದ್ಧಾರಕನ ಭಂಗಿಯಲ್ಲಿ ಹಾಡುತ್ತಿದ್ದಾಗ, ಪಲ್ಪ್ ತಂಡದ ಜಾರ್ವಿಸ್ ಕಾಕರ್ ವೇದಿಕೆಗೆ ನುಗ್ಗಿ ಪ್ರೇಕ್ಷಕರಿಗೆ ಹಿಂಭಾಗ ತಿರುಗಿಸಿ ಅಲ್ಲಾಡಿಸಿಬಿಟ್ಟ. ಪೊಲೀಸರು ಎಳೆದುಕೊಂಡು ಹೋದರು. ಠಾಣೆಯಲ್ಲಿ ಅವನ ಪರವಾಗಿ ಕೂತದ್ದು ಬಾಬ್ ಮಾರ್ಟಿಮರ್ ಎಂಬ ಹಾಸ್ಯನಟ, ಹಿಂದೊಮ್ಮೆ ವಕೀಲನಾಗಿದ್ದವನು. 1998ರಲ್ಲಿ ಉಪಪ್ರಧಾನಿಯ ಮೇಲೇ ಒಬ್ಬ ಗಾಯಕ ತಣ್ಣೀರು ಸುರಿದ. ನಮ್ಮ ಕಡೆ ಮಂತ್ರಿಗೆ ಹಾರ ಹಾಕುವಾಗ ಹೂವಿನ ನೀರು ಅಂಗಿಗೆ ತಾಗಿದರೆ ಮೂರು ಜನ ಕರ್ಚೀಫು ಹಿಡಿದು ಓಡುತ್ತಾರೆ.

ಅವನು ಹೇಳಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು 2000ದ ಕಥೆ. ಬ್ರಾಂಡನ್ ಬ್ಲಾಕ್ ಅನ್ನುವ ಡಿಜೆ ಚೆನ್ನಾಗಿ ಕುಡಿದು ಕೂತಿದ್ದ. ಜೊತೆಯವರು ತಮಾಷೆಗೆ, "ಏ, ನಿನ್ನ ಹೆಸರೇ ಕರೆದರು, ಹೋಗು" ಅಂದರು. ಅವನು ನಂಬಿ ಎದ್ದು ನೆಟ್ಟಗೆ ವೇದಿಕೆ ಹತ್ತಿದ. ಅಲ್ಲಿ ಪ್ರಶಸ್ತಿ ಕೊಡಲು ನಿಂತಿದ್ದವನು ರೋಲಿಂಗ್ ಸ್ಟೋನ್ಸ್ ತಂಡದ ರಾನಿ ವುಡ್. ಮಾತಿಗೆ ಮಾತು ಬೆಳೆದು, ವುಡ್ ಕೈಯಲ್ಲಿದ್ದ ಗ್ಲಾಸಿನ ಪಾನೀಯವನ್ನು ಬ್ಲಾಕ್ ಮೇಲೆ ಎರಚಿದ. ಕಾವಲಿನವರು ಬಂದು ಹೊತ್ತುಕೊಂಡು ಹೋದರು. ಕರೆಯದೇ ವೇದಿಕೆ ಹತ್ತುವ ಮೂರ್ಖನೂ ಇರುತ್ತಾನಾ ಅಂತ ಊಟದ ಹೊತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಎಲ್ಲೋ ಜಮೆಯಾಗಿ ಬಡ್ಡಿ ಬೆಳೆಯುತ್ತಿತ್ತು ಅಂತ ಕಾಣುತ್ತೆ.

ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಬಾಡಿಗೆಗೆ ಹಿಡಿದ ಶಾಲೆಯ ಹಾಲು. ಮೂರು ಗಂಟೆಗೆ ಅಂತ ಅಚ್ಚಾಗಿದ್ದ ಕಾರ್ಯಕ್ರಮ ನಾಲ್ಕೂವರೆಗೆ ಶುರುವಾಗಿತ್ತು. ಅಮ್ಮ ಜುಲೈಯಲ್ಲೇ ಊರಿಗೆ ಹೋಗಿದ್ದರು, ಬತ್ತಿ ಉಳಿದಿತ್ತು. ನಾಡಗೀತೆಗೆ ಮುಂಚೆ ಹಚ್ಚಿದ ದೀಪದಲ್ಲಿ ಅವರದೇ ಬತ್ತಿ. ಸಂಘದಲ್ಲಿ ನನ್ನ ಕೆಲಸ ಕುರ್ಚಿ ಹಾಕೋದು, ಕುರ್ಚಿ ಎತ್ತೋದು. ಹನ್ನೊಂದು ವರ್ಷದಿಂದ ಅದೇ. ಆ ವರ್ಷ "ಎಲೆಮರೆಯ ಕಾಯಿಗಳಿಗೆ ಸನ್ಮಾನ" ಅಂತ ಕರಪತ್ರದಲ್ಲಿ ಹಾಕಿದ್ದರು. ಎಲೆ, ಕಾಯಿ ಎರಡೂ ನಾನೇ ಅಂದುಕೊಂಡು ಹೆಂಡತಿಗೂ ಹೇಳದೆ ಹೊಸ ಜುಬ್ಬ ಹಾಕಿಕೊಂಡು ಹೋಗಿದ್ದೆ. ಅವಳು ಜುಬ್ಬ ನೋಡಿದಳು, ಏನೂ ಕೇಳಲಿಲ್ಲ.

ನನ್ನ ಹೆಸರು ಎಂಥದ್ದೆಂದರೆ ಮದುವೆ ಮನೆಯಲ್ಲಿ ಒಂದು ಸಲ ಕೂಗಿದರೆ ನಾಲ್ಕು ಜನ ಓಗೊಡುತ್ತಾರೆ. ಮೈಕಿನಲ್ಲಿ ಆ ಹೆಸರು ಬಂತು. ಪಕ್ಕದಲ್ಲಿದ್ದ ಗೆಳೆಯ ಮೊಣಕೈಯಲ್ಲಿ ತಿವಿದು, "ನಿನ್ನೇ ಕಣೋ, ಹೋಗು" ಅಂದ. ನಾನು ಬಾದಾಮಿ ಹಾಲು ಬಿಟ್ಟು ಬೇರೇನೂ ಕುಡಿದಿರಲಿಲ್ಲ, ಬ್ರಾಂಡನ್ ಬ್ಲಾಕಿಗೂ ನನಗೂ ಇದ್ದ ವ್ಯತ್ಯಾಸ ಅದೊಂದೇ. ಹೋದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮ ಜನ ಯಾರು ವೇದಿಕೆ ಹತ್ತಿದರೂ ತಟ್ಟುತ್ತಾರೆ. ಮೈಸೂರು ಪೇಟ ತಲೆಗಿಟ್ಟರು, ಕಿವಿಯವರೆಗೂ ಇಳಿಯಿತು. ಹಾರ ಬಂತು. ಶಾಲು ಬಂತು. ಶಾಲು ಹೆಗಲ ಮೇಲೆ ನಿಲ್ಲದೆ ಜಾರುತ್ತಿತ್ತು, ಫೋಟೋ ಕೆಡುತ್ತದೆ ಅಂತ ಕಾರ್ಯಕರ್ತೆಯೊಬ್ಬರು ಹಿಂದಿನಿಂದ ಬಂದು ಪಿನ್ನು ಚುಚ್ಚಿದರು. ಕೈಗೆ ಹಣ್ಣಿನ ಬುಟ್ಟಿ ಕೊಡುವುದರಲ್ಲಿದ್ದರು, ಅಷ್ಟರಲ್ಲಿ ನಿರೂಪಕರು ನನ್ನ ಪರಿಚಯ ಓದತೊಡಗಿದರು.

"ಇಪ್ಪತ್ತು ವರ್ಷಗಳಿಂದ ಹೃದ್ರೋಗ ತಜ್ಞರಾಗಿ..."

ನಾನು ಅಕೌಂಟ್ಸ್ ವಿಭಾಗದವನು. ಸಭೆಯ ಮೂರನೇ ಸಾಲಿನಲ್ಲಿ, ಸೂಟು ಹಾಕಿದ ಹಿರಿಯರೊಬ್ಬರು ಅರ್ಧ ಎದ್ದು, ಕೂರಬೇಕೋ ಬರಬೇಕೋ ತಿಳಿಯದೆ ಹಾಗೇ ಬಗ್ಗಿಕೊಂಡು ನಿಂತಿದ್ದರು. ನನ್ನ ಹೆಸರಿನವರೇ.

ಕಾರ್ಯದರ್ಶಿ ಗಾಬರಿಯಾದರು. ಹೊತ್ತು ಬೇರೆ ಮೀರಿತ್ತು. ಹತ್ತು ಹೊಡೆದರೆ ಶಾಲೆಯ ಕಾವಲುಗಾರ ದೀಪ ಆರಿಸುತ್ತಾನೆ, ಬಾಗಿಲಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಲೇ ಇದ್ದ. 2012ರ ಬ್ರಿಟ್ಸ್‌ನಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಪಡೆದ ಅಡೆಲ್‌ಳ ಮಾತನ್ನೇ ಹೊತ್ತಾಯಿತೆಂದು ಅರ್ಧಕ್ಕೆ ನಿಲ್ಲಿಸಿದ್ದರು, ಅವಳು ಸಿಟ್ಟಿನಲ್ಲಿ ನಡುಬೆರಳು ತೋರಿಸಿ ಇಳಿದಿದ್ದಳು. ನಮ್ಮಲ್ಲಿ ಅಧ್ಯಕ್ಷರ ಭಾಷಣ ನಿಲ್ಲಿಸುವ ಧೈರ್ಯ ಆ ಕಾವಲುಗಾರನೊಬ್ಬನಿಗೆ ಮಾತ್ರ. ಆದ್ದರಿಂದ ಕಾರ್ಯದರ್ಶಿ ಕ್ಷಮೆಗಿಮೆ ಏನೂ ಕೇಳದೆ, "ಸ್ವಲ್ಪ ತಗೋತೀನಿ ಸಾರ್" ಅಂತ ಪೇಟ ತೆಗೆದರು, ಹಾರ ತೆಗೆದರು. ಆಮೇಲೆ ಹಿಂದಕ್ಕೆ ಹೋಗಿ ಶಾಲು ಎಳೆದರು.

ಪಿನ್ನು ಶಾಲಿಗಷ್ಟೇ ಅಲ್ಲ, ಜುಬ್ಬಕ್ಕೂ ಸೇರಿಸಿ ಚುಚ್ಚಿತ್ತು. ಶಾಲು ಬಂತು, ಜುಬ್ಬ ಬಂತು, ಜುಬ್ಬದೊಳಗಿದ್ದ ನಾನೂ ಬಂದೆ. ಎರಡು ಹೆಜ್ಜೆ ಹಿಂದಕ್ಕೆ ತಡವರಿಸಿ ನೇರವಾಗಿ ಹಣ್ಣಿನ ಬುಟ್ಟಿಯ ಮೇಲೆ ಕೂತೆ. ಸೇಬು ಪರವಾಗಿಲ್ಲ, ಗಟ್ಟಿ. ಬಾಳೆಹಣ್ಣು ಉಳಿಯಲಿಲ್ಲ.

ಹೃದ್ರೋಗ ತಜ್ಞರು ಓಡಿ ಬಂದು ನನ್ನ ನಾಡಿ ನೋಡಿದರು. ಒಳ್ಳೆಯವರು. ಅವರಿಗೆ ಅದೇ ಪೇಟ, ಅದೇ ಹಾರ, ಅದೇ ಶಾಲು ಹಾಕಿದರು, ಬುಟ್ಟಿ ಮಾತ್ರ ಕೊಡಲಿಲ್ಲ. ನಾನು ಪಕ್ಕಕ್ಕೆ ಸರಿದು, ಏನೂ ಆಗಿಲ್ಲವೆಂಬಂತೆ ಖಾಲಿ ಕುರ್ಚಿಗಳನ್ನು ಎತ್ತಲು ಶುರು ಮಾಡಿದೆ.

ಕುರ್ಚಿ ಎಲ್ಲ ಒಟ್ಟಿ ಮನೆ ಸೇರುವಾಗ ನಡುರಾತ್ರಿ. ಊರಲ್ಲಿ ಬೆಳಗಿನ ಐದೂವರೆ. ಯಾರೋ ಪುಣ್ಯಾತ್ಮರು ತೆಗೆದ ವಿಡಿಯೋ ವಾಟ್ಸಾಪಿನಲ್ಲಿ ನನಗಿಂತ ಮುಂಚೆ ಎಲ್ಲ ಕಡೆ ತಲುಪಿತ್ತು. ಬೂಟು ಬಿಚ್ಚುವಷ್ಟರಲ್ಲಿ ಅಮ್ಮನ ಫೋನು.

"ಪಿನ್ನು ಯಾರು ಹಾಕಿದ್ದು?"

ಹೇಳಿದೆ.

"ಪೆಟ್ಟಾಯ್ತಾ?"

"ಇಲ್ಲಮ್ಮ. ಬಾಳೆಹಣ್ಣಿತ್ತು."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಹಾಲಿನವನ ಸೈಕಲ್ ಗಂಟೆ ಕೇಳಿಸಿತು.

"ಎದ್ಮೇಲೆ ಹಾಡಿದ್ಯೇನೋ?"