ತೀರ್ಥಹಳ್ಳಿಯಲ್ಲಿ ಹಿಮಪಾತ

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ? ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು, ಕಪಾಟಿನ ಹಿಂಬದಿ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕಡಿಮೆ, ನೀರು ಜಾಸ್ತಿ. ಪುನರ್ವಸು ಮಳೆ ಹಿಡಿಯಿತೆಂದರೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಜಾಗಕ್ಕೆ ಜಗಳ. ಇದಕ್ಕೆಲ್ಲ ಪರಿಹಾರ ಅಂತ ಮನೆಗೆ ಡಿಹ್ಯೂಮಿಡಿಫೈಯರ್ ತಂದೆವು. ಅಮ್ಮ ಅದನ್ನು ಥಂಡಿ ಮಿಷನ್ ಅಂತಾರೆ.

ಮಿಷನ್ನಿನ ಕೆಲಸ ಸರಳ. ಫ್ಯಾನು ಕೋಣೆಯ ಗಾಳಿಯನ್ನು ತಣ್ಣಗಿನ ಕಾಯಿಲ್ ಮೇಲೆ ಎಳೆಯುತ್ತದೆ. ತೇವ ನೀರಾಗಿ ಟ್ಯಾಂಕಿಗೆ ಇಳಿಯುತ್ತದೆ. ಕಾಯಿಲ್ ಮೇಲೆ ಮಂಜು ಕಟ್ಟಿದರೆ ಅದನ್ನು ತಣ್ಣಗಿಡುವ ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನ್ ಮಾತ್ರ ತಿರುಗಿ ಅದನ್ನು ಕರಗಿಸುತ್ತದೆ. ಮಂಜು ಕಟ್ಟಿದೆಯೋ ಇಲ್ಲವೋ ಅಂತ ಚಾಡಿ ಹೇಳೋದು ಕಾಯಿಲ್‌ಗೆ ಸಿಕ್ಕಿಸಿದ, ಮೆಣಸಿನ ಕಾಳಿನಷ್ಟು ತಲೆಯ ಒಂದು ಸೆನ್ಸರ್.

ಆಷಾಢದ ಒಂದು ಸಂಜೆ ಅದು ಹಟ ಹಿಡಿಯಿತು. ಮಂಜು ಕಟ್ಟಿದೆ ಅಂತ ಹೇಳುವ ಹಿಮದ ಹೂವಿನ ದೀಪ ಹತ್ತಿದ್ದು ಆರಲೇ ಇಲ್ಲ. ಫ್ಯಾನ್ ತಿರುಗುತ್ತಿದೆ, ಟ್ಯಾಂಕ್ ಖಾಲಿ. ಕಾಯಿಲ್ ಮುಟ್ಟಿ ನೋಡಿದರೆ ಬೆಚ್ಚಗಿದೆ.

"ಅದಕ್ಕೆ ಚಳಿಯಂತಾ? ಹಾಗಾದ್ರೆ ಬಚ್ಚಲ ಒಲೆ ಹತ್ರ ಇಡು ಮಾರಾಯ" ಅಂದರು ಅಮ್ಮ.

ಕಂಪನಿಗೆ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿಸಿದ ಮೇಲೆ ಆ ಹುಡುಗಿ ಕೇಳಿದಳು: "ಸರ್, ನಿಮ್ಮ ರೂಮ್ ಟೆಂಪರೇಚರ್ 5 ಡಿಗ್ರಿಗಿಂತ ಕಡಿಮೆ ಇದೆಯಾ?" ತೀರ್ಥಹಳ್ಳಿಯಲ್ಲಿ! ಟೆಕ್ನಿಷಿಯನ್ ಕಳಿಸಿ ಅಂದೆ. ಶಿವಮೊಗ್ಗದಿಂದ ಟೆಕ್ನಿಷಿಯನ್ ಮಾತಾಡಿದ: "ಈಗ ಭಾರಿ ಮಳೆ ಸರ್. ಮಳೆ ಬಿಟ್ಟ ಮೇಲೆ ಬರ್ತೀನಿ." ಮಳೆ ಬಿಟ್ಟ ಮೇಲೆ ಮಿಷನ್ ಏನು ಉಪ್ಪಿನಕಾಯಿ ಹಾಕೋದಕ್ಕಾ?

ಕೊನೆಗೆ ಪೇಟೆಯ ಮಿಕ್ಸಿ ರಿಪೇರಿ ಹುಡುಗ ಮಲ್ಟಿಮೀಟರ್ ಹಿಡಿದು ಬಂದ. ಸೆನ್ಸರ್ ಬಿಚ್ಚಿದ. ಚಳಿ ಏರಿದಷ್ಟೂ ಇದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರಬೇಕಂತೆ. 25 ಡಿಗ್ರಿಯಲ್ಲಿ 10 ಕಿಲೋ ಓಮ್, ಐಸ್ ನೀರಿನಲ್ಲಿ ಸುಮಾರು 32. ಲೋಟದಲ್ಲಿ ಐಸ್ ಬಂತು. ಅದ್ದಿದರೂ, ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೂ ಮೀಟರಿನ ಎಡ ಮೂಲೆಯಲ್ಲಿ ಒಂದೇ ಒಂದು 1 ನಿಂತಿತ್ತು, ಅಂದರೆ ಅಳತೆಗೆ ಮೀರಿದ್ದು. "ಕಟ್ ಆಗಿದೆ ಅಣ್ಣಾ." ವೈರ್ ತುಂಡಾದರೆ ರೆಸಿಸ್ಟೆನ್ಸ್‌ಗೆ ಲೆಕ್ಕವೇ ಇಲ್ಲ. ಹಾಗಾಗಿ ಮಿಷನ್ನಿನೊಳಗಿನ ಸರ್ಕ್ಯೂಟ್ ಬೋರ್ಡ್ ಪಾಲಿಗೆ ನಮ್ಮ ಮನೆ ಅಂಟಾರ್ಕ್ಟಿಕಾ. ಟಾರ್ಚ್ ಬಿಟ್ಟು ನೋಡಿದರೆ ಸೆನ್ಸರಿನ ಬುಡದಲ್ಲಿ ತಂತಿಗೆ ಹಸಿರು ಕಿಲುಬು. ಥಂಡಿ ತೆಗೆಯುವ ಮಿಷನ್ನಿಗೆ ಥಂಡಿ ಹಿಡಿದಿತ್ತು.

ಎಸಿ ಸಾಮಾನಿನ ಅಂಗಡಿಯವ ಕೊಟ್ಟ ಹೊಸ ಸೆನ್ಸರ್ ಹಾಕಿದ ಕೂಡಲೇ ಹಿಮದ ಹೂವು ಮಾಯ. ಎಲ್ಲರಿಗೂ ಖುಷಿ. ಬೆಳಿಗ್ಗೆ ನೋಡಿದರೆ ಕಾಯಿಲ್ ಮೇಲೆ ಬೆರಳು ದಪ್ಪ ಮಂಜುಗಡ್ಡೆ! ದೀಪ ಮಾತ್ರ ಆರಾಮಾಗಿ ಆರಿಯೇ ಇತ್ತು. ಅಂಗಡಿಯವ ಕೊಟ್ಟದ್ದು 5 ಕಿಲೋ ಓಮಿನದು. ಅರ್ಧ ರೆಸಿಸ್ಟೆನ್ಸ್ ಅಂದರೆ ಬೋರ್ಡಿಗೆ ಸೊನ್ನೆ ಡಿಗ್ರಿಯೂ ಹಿತವಾದ ಹವೆ. ಹಿಮ ಇಲ್ಲದಾಗ ಹಿಮ ಅಂತ ಬೊಬ್ಬೆ ಹೊಡೆದದ್ದು, ನಿಜವಾಗಿ ಕಟ್ಟಿದಾಗ ಸುಮ್ನೆ ಕೂತಿತ್ತು.

"ರೀ, ಇದನ್ನ ಫ್ರಿಜ್ ಅಂತಾದ್ರೂ ಬಳಸೋಣ" ಅಂದಳು ಹೆಂಡತಿ.

10ರದ್ದು ತಂದು ಹಾಕಿದ ಮೇಲೆ ಟ್ಯಾಂಕ್ ತುಂಬತೊಡಗಿತು. ಈಗ ಆ ಕೋಣೆಗೆ ಕಾಲಿಡಲು ಜಾಗವಿಲ್ಲ. ಅಮ್ಮನ ಹಪ್ಪಳದ ಡಬ್ಬಿ, ರೇಷ್ಮೆ ಸೀರೆಗಳು, ಮದುವೆ ಆಲ್ಬಮ್ಮು ಎಲ್ಲ ಅಲ್ಲೇ. ನಿನ್ನೆ ಪಕ್ಕದ ಮನೆ ಹುಡುಗನ ಒದ್ದೆ ಸ್ಕೂಲ್ ಶೂ ಕೂಡ ಬಂತು, ಸಾಕ್ಸ್ ಸಮೇತ. ಮಿಷನ್ನಿಗೆ ವಾಸನೆ ಹಿಡಿಯೋ ಸೆನ್ಸರ್ ಇಲ್ಲ, ಪುಣ್ಯ.