ಗೇಣುದ್ದದ ದೋಣಿ

ಮರದ ಹಡಗಿನ ಮಾದರಿ ಕಟ್ಟಬೇಕು ಅಂತ ಹೊರಡುವವರೆಲ್ಲ ಮೊದಲು ಕಣ್ಣು ಹಾಕುವುದು ವಿಕ್ಟರಿ ಹಡಗಿನ ಮೇಲೆ. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ ಇದ್ದ ಹಡಗು. 104 ಫಿರಂಗಿ, ಮೂರು ಹಾಯಿಕಂಬ. ಈಗಲೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ನಿಂತಿದೆ. ಮಾದರಿಯ ಬಿಡಿಭಾಗಗಳು ಬರುವ ಕಿಟ್ಟಿನ ಡಬ್ಬದ ಮೇಲಿನ ಚಿತ್ರ ನೋಡಿದರೆ ಯಾರಿಗಾದರೂ ಆಸೆ ಆಗುತ್ತೆ. ಬೆಲೆ ನೋಡಿದರೆ ಅರ್ಧ ಆಸೆ ಇಳಿಯುತ್ತೆ. ಇನ್ನರ್ಧ ಇಳಿಯಬೇಕಾದರೆ ಹಗ್ಗದ ಲೆಕ್ಕ ಕೇಳಬೇಕು. ಅಸಲಿ ಹಡಗಿಗೆ ಸುಮಾರು 26 ಮೈಲಿ ಹಗ್ಗ ಬೇಕಿತ್ತಂತೆ. ಮಾದರಿಯಲ್ಲಿ ಅದೆಲ್ಲ ದಾರ. ನಾವಿಕರು ಕಂಬ ಹತ್ತುವುದಕ್ಕೆ ಹಗ್ಗದ ಏಣಿ ಇರುತ್ತದಲ್ಲ, ಅದರ ಪ್ರತಿ ಮೆಟ್ಟಿಲೂ ಪ್ರತಿ ಉದ್ದ ಹಗ್ಗವನ್ನು ದಾಟುವ ಕಡೆ ಒಂದು ಗಂಟು ಬೀಳಬೇಕು, ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅದೂ ನೂರಾರು ಗಂಟು. ದಾರಕ್ಕೆ ಮೊದಲು ಜೇನುಮೇಣ ಸವರಿರಬೇಕು, ಇಲ್ಲದಿದ್ದರೆ ಜುಂಗು ಏಳುತ್ತೆ. ಲೋಕದ ಅಟ್ಟಗಳ ಮೇಲೆ ಅರ್ಧ ಕಟ್ಟಿದ ವಿಕ್ಟರಿಗಳು ಎಷ್ಟು ಬಿದ್ದಿವೆಯೋ ದೇವರೇ ಬಲ್ಲ.

ನಾನು ಹಿಡಿದದ್ದು ಡೋರಿ. ಫಿರಂಗಿ ಇಲ್ಲ, ಏಣಿ ಇಲ್ಲ, ಒಂದು ಗೇಣು ಉದ್ದದ ಬಡಪಾಯಿ ಮೀನು ದೋಣಿ. ಮಾಡೆಲ್ ಶಿಪ್‌ವೇಸ್ ಅನ್ನುವ ಕಿಟ್ ಕಂಪನಿಯವರು ಹೊಸಬರಿಗೆ ಅಂತಲೇ ಮೂರು ದೋಣಿಗಳ ಸಾಲು ಮಾಡಿದ್ದಾರೆ. ಮೊದಲು ಇದು, ಆಮೇಲೆ ನಾರ್ವೆಯ ಪುಟ್ಟ ಪ್ರಾಮ್, ಕೊನೆಗೆ ಸೀಗಡಿಯ ದೊಡ್ಡಣ್ಣ ಲಾಬ್‌ಸ್ಟರ್ ಹಿಡಿಯುವ ದೋಣಿ. ಒಂದು ಮುಗಿಸಿದವರಿಗೆ ಇನ್ನೊಂದು ಸ್ವಲ್ಪ ಕಷ್ಟ, ಅಷ್ಟೆ. ಡೋರಿಯ ಅಳತೆ 1:24. ಅಂದರೆ ಅಸಲಿ ದೋಣಿಯ ಎರಡು ಅಡಿ ಇಲ್ಲಿ ಒಂದು ಇಂಚು. ಐದೂವರೆ ಅಡಿ ಮನುಷ್ಯನನ್ನು ಅದರಲ್ಲಿ ಕೂರಿಸಬೇಕು ಅಂದರೆ ಅವನು ಮೂರು ಇಂಚೂ ಇರಬಾರದು.

ದೊಡ್ಡ ಹಡಗಿನಲ್ಲಿ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಇಲ್ಲಿ ನಿಲ್ಲದೆ ಬೇರೆ ದಾರಿ ಇಲ್ಲ, ನೋಡುವುದಕ್ಕೆ ಇರುವುದೇ ಕೆಲವು ಹಲಗೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ ಲೋವೆಲ್ ಮನೆತನದವರು 1793ರಲ್ಲಿ ದೋಣಿ ಕಟ್ಟುವ ಅಂಗಡಿ ಇಟ್ಟರು. ನನ್ನ ಡೋರಿಯ ಅಸಲಿ ಅಲ್ಲಿಯದೇ. ಅಲ್ಲಿ ಈಗಲೂ ದೋಣಿ ಕಟ್ಟುತ್ತಾರೆ. ಕಾಡ್ ಮೀನಿಗೆ ಹೋಗುವ ದೊಡ್ಡ ಹಾಯಿ ಹಡಗುಗಳ ಮೇಲೆ ಈ ಡೋರಿಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ಡೋರಿಯೊಳಗಿನ ಅಡ್ಡಮಣೆಗಳನ್ನು ಮೊಳೆ ಹೊಡೆದು ಕೂರಿಸುತ್ತಿರಲಿಲ್ಲ, ಸುಮ್ನೆ ಎತ್ತಿಟ್ಟರೆ ಬರುತ್ತಿದ್ದವು. ಯಾಕೆ ಅಂದರೆ ಮಣೆ ತೆಗೆದ ಡೋರಿಗಳನ್ನು ಛತ್ರದ ಸ್ಟೀಲ್ ಲೋಟಗಳ ಹಾಗೆ ಒಂದರೊಳಗೊಂದು ಪೇರಿಸಿಡಬಹುದಿತ್ತು. ಹಡಗಿನ ಡೆಕ್ಕಿನ ಮೇಲೆ ಜಾಗ ಉಳಿಯಿತು, ಹಡಗು ಜಾಸ್ತಿ ಡೋರಿ ಹೊತ್ತಿತು, ಜಾಸ್ತಿ ಮೀನು ಬಂತು. ನೇರವಾಗಿ ನಿಲ್ಲದೆ ಹೊರಗೆ ಚಾಚಿದ ಪಕ್ಕಗಳು, ಚಪ್ಪಟೆ ತಳ, ಎಲ್ಲದಕ್ಕೂ ಇದೂ ಒಂದು ಲೆಕ್ಕ. ಮಾದರಿಯ ಮಣೆಗಳನ್ನು ಗೋಂದು ಹಾಕಿ ಅಂಟಿಸಬೇಕೋ ಬೇಡವೋ ಅಂತ ಯೋಚಿಸುವಾಗ ಇದೆಲ್ಲ ತಲೆಗೆ ಬರುತ್ತೆ. ನಾನು ಅಂಟಿಸಿಲ್ಲ.

ಇನ್ನು ಹುಟ್ಟು. ಕಡ್ಡಿಯೊಂದನ್ನು ಬ್ಲೇಡಿನಲ್ಲಿ ಕೆತ್ತಿ, ಎಮರಿ ಪೇಪರಿನಲ್ಲಿ ತಿಕ್ಕಿ, ಹಿಡಿ ದುಂಡಗೆ, ಅಲಗು ತೆಳ್ಳಗೆ ಬರಬೇಕು. ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದನ್ನು ತಿಕ್ಕುವಾಗಲೆಲ್ಲ ಹೊವರ್ಡ್ ಬ್ಲ್ಯಾಕ್‌ಬರ್ನ್ ಅನ್ನುವ ಮೀನುಗಾರ ನೆನಪಾಗುತ್ತಾನೆ. 1883ರ ಚಳಿಗಾಲ. ಡೋರಿಯಲ್ಲಿ ಅವನೂ ಅವನ ಜೊತೆಗಾರನೂ ಮೀನಿನ ಗಾಳ ಎಳೆಯುತ್ತಿದ್ದಾಗ ಹಿಮಗಾಳಿ ಬಂದು ಹಡಗು ತಪ್ಪಿಹೋಯಿತು. ಕೈಗವಸು ನೀರುಪಾಲು. ಬೆರಳು ಹೆಪ್ಪುಗಟ್ಟುವುದಂತೂ ಖಂಡಿತ ಅಂತ ಗೊತ್ತಾದ ಮೇಲೆ ಅವನು ಮಾಡಿದ್ದು ಏನು ಗೊತ್ತಾ? ಬೆರಳುಗಳನ್ನು ಹುಟ್ಟಿನ ಸುತ್ತ ಬಾಗಿಸಿ ಹಿಡಿದು ಹಾಗೇ ಹೆಪ್ಪುಗಟ್ಟಲು ಬಿಟ್ಟ. ಕೊಕ್ಕೆಯಾದ ಕೈಗಳಲ್ಲಿ ದಿನಗಟ್ಟಲೆ ಹುಟ್ಟು ಹಾಕಿ ನ್ಯೂಫೌಂಡ್‌ಲ್ಯಾಂಡಿನ ದಡ ಮುಟ್ಟಿದ. ಜೊತೆಗಾರ ದೋಣಿಯಲ್ಲೇ ಸತ್ತಿದ್ದ. ಬೆರಳುಗಳೆಲ್ಲ ಹೋದವು. ಆಮೇಲೆ 1899ರಲ್ಲಿ, ಬೆರಳಿಲ್ಲದ ಕೈಗಳಲ್ಲೇ, ಒಬ್ಬನೇ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ. ಹತ್ತೂ ಬೆರಳು ಇಟ್ಟುಕೊಂಡು ಒಂದು ಕಡ್ಡಿ ಕೆತ್ತುವುದಕ್ಕೆ ಟೀ ಮೇಲೆ ಟೀ ಕುಡಿಯುವ ನಮ್ಮಂಥವರು ಇದನ್ನು ಓದಬಾರದು.

ಕೆಲಸದಲ್ಲಿ ನಿಜವಾದ ಖುಷಿ ಇರುವುದು ಹಲಗೆ ಬಾಗಿಸುವುದರಲ್ಲಿ. ಕಿಟ್ಟಿನಲ್ಲಿ ಬರುವುದು ಬಾಸ್‌ವುಡ್, ಬಿಳಿಚು ಬಣ್ಣದ ಮೆತ್ತನೆ ಮರ, ನಾರು ಸಣ್ಣ. ಮೂತಿಯ ಹತ್ತಿರ ಹಲಗೆ ಒಳಕ್ಕೆ ಬಾಗಲೂಬೇಕು, ಹಾಗೇ ತಿರುಚಿಕೊಳ್ಳಲೂಬೇಕು. ಒಣಗಿದ ಮರವನ್ನು ಜೋರು ಮಾಡಿದರೆ ಟಕ್ ಅನ್ನುತ್ತೆ, ಮುಗೀತು. ಬಿಸಿನೀರಲ್ಲಿ ನೆನೆಸಿಟ್ಟು ತೆಗೆದರೆ ಅದೇ ಹಲಗೆ ಹೇಳಿದ ಹಾಗೆ ಕೇಳುತ್ತೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಅನ್ನುವ ಪದಾರ್ಥ ಬಿಸಿಗೆ ಮೆತ್ತಗಾಗುತ್ತೆ, ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತೆ. ಬಾಗಿಸಿ, ಬಟ್ಟೆ ಕ್ಲಿಪ್ಪು ಹಾಕಿ, ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕ್ಲಿಪ್ಪು ತೆಗೆದರೂ ಬಾಗು ಹಾಗೇ ಉಳಿದಿರುತ್ತೆ, ತುಸುವೇ ತುಸು ಬಿಚ್ಚಿಕೊಂಡು. ಕೂದಲು ನೇರ ಮಾಡುವ ಇಸ್ತ್ರಿ ಈ ಕೆಲಸಕ್ಕೆ ಬಹಳ ಚೆನ್ನ. ಆದರೆ ಅದು ಮಗಳದು. ಕೇಳಿಯೇ ತೆಗೆದುಕೊಳ್ಳಬೇಕು, ಒರೆಸಿಯೇ ವಾಪಸ್ ಕೊಡಬೇಕು. ಗೋಂದಿಗೆ ಫೆವಿಕಾಲ್ ಸಾಕು. ತಟ್ಟನೆ ಹಿಡಿಯುವ ಗೋಂದು ಹೊಸಬರಿಗಲ್ಲ, ಹಲಗೆಯನ್ನು ಕೂದಲೆಳೆಯಷ್ಟು ಸರಿಸೋಣ ಅಂದರೂ ಬಿಡುವುದಿಲ್ಲ.

"ನೀರಿಗೆ ಬಿಟ್ರೆ ತೇಲುತ್ತಾ?" ಅಂತ ಅಮ್ಮ ಕೇಳಿದಳು.

"ತೇಲುತ್ತಮ್ಮ. ಗೋಂದು ಬಿಡೋ ತನಕ."

"ಮತ್ಯಾಕೆ ಮಾಡ್ತೀಯಾ?"

ಇದಕ್ಕೆ ಉತ್ತರ ಇಲ್ಲ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಸೆರೆಮನೆಯಲ್ಲಿದ್ದ ಫ್ರೆಂಚ್ ಕೈದಿಗಳ ಹತ್ತಿರವಾದರೂ ಉತ್ತರ ಇತ್ತು. ಊಟದಲ್ಲಿ ಉಳಿದ ಮೂಳೆಗಳನ್ನು ಬೇಯಿಸಿ ಬೆಳ್ಳಗೆ ಮಾಡಿ, ಸೀಳಿ, ಅದರಲ್ಲೇ ಹಲಗೆ ಹಲಗೆಯಾಗಿ ಯುದ್ಧನೌಕೆಗಳ ಮಾದರಿ ಕಟ್ಟಿ, ಸೆರೆಮನೆಯ ಸಂತೆಯಲ್ಲಿ ಮಾರುತ್ತಿದ್ದರು. ಕಾಸು ಬರುತ್ತಿತ್ತು, ಹೊತ್ತು ಹೋಗುತ್ತಿತ್ತು. ಅಂಥ ಮಾದರಿಗಳು ಪೀಟರ್‌ಬರೋ ಮ್ಯೂಸಿಯಂನಲ್ಲಿ ಈಗಲೂ ಇವೆ. ನನಗೆ ಕಾಸು ಹೋಗುತ್ತೆ, ಹೊತ್ತೂ ಹೋಗುತ್ತೆ.

ಅಮ್ಮನ ಪ್ರಶ್ನೆ ಅಷ್ಟೇನೂ ಸಣ್ಣದಲ್ಲ ಬಿಡಿ. ನೀರಿಗೆ ಬಿಡುವುದಕ್ಕೇ ಅಂತ ಮಾದರಿ ಕಟ್ಟುವವರೂ ಇದ್ದಾರೆ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತಲ್ಲ ಕೌಂಡಿನ್ಯ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು, ಅದಕ್ಕೆ ನಕ್ಷೆಯೇ ಇರಲಿಲ್ಲ. ಆಧಾರ ಅಂತ ಇದ್ದದ್ದು ಅಜಂತಾದ ಗೋಡೆಯ ಮೇಲಿನ 5ನೇ ಶತಮಾನದ ಒಂದು ಚಿತ್ರ. ಚಿತ್ರ ನಂಬಿಕೊಂಡು ಸಮುದ್ರಕ್ಕೆ ಇಳಿಯೋಕಾಗುತ್ತಾ? ಹಾಗಾಗಿ ಮದ್ರಾಸ್ ಐಐಟಿಯವರ ಜೊತೆ ಸೇರಿ ಮೊದಲು ಮಾದರಿಯನ್ನು ನೀರಲ್ಲಿ ಪರೀಕ್ಷೆ ಮಾಡಿದರು. ಆಮೇಲೆ ಕೇರಳದ ಕುಶಲಕರ್ಮಿಗಳು ಅಸಲಿ ಹಡಗನ್ನು ಹೊಲಿದರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಪೋರಬಂದರಿನಿಂದ ಹೊರಟು ಮಸ್ಕತ್ ತನಕ ಹೋಯಿತು. ಯಾರಾದರೂ ಅದರ ಕಿಟ್ ಮಾಡಬಾರದೇ ಅಂತ ನನ್ನ ಆಸೆ. ಗೋಂದಿನ ಡಬ್ಬ ಬೇಡ, ಸೂಜಿ ದಾರ ಸಾಕು. ಮೊಳೆ ಹೊಡೆಯದ ಹಡಗಿನ ಮಾದರಿಗೆ ಗೋಂದು ಹಾಕಿದರೆ ಅದು ಮೋಸ ಅಲ್ವಾ?

ಕಿಟ್ ಬರುವ ತನಕ ಮರವನ್ನಾದರೂ ಹೊಂದಿಸಿಕೊಳ್ಳೋಣ ಅಂತ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗಿದ್ದೆ. ಚನ್ನಪಟ್ಟಣದ ಬೊಂಬೆಗೆ ಹಾಕುವ ಆಲೆಮರ ಇದಕ್ಕೆ ಹೇಳಿ ಮಾಡಿಸಿದ್ದು, ಬೆಳ್ಳಗೆ, ನುಣ್ಣಗೆ ಇರುತ್ತೆ. ಅಂಗಡಿಯವರ ಹತ್ತಿರ ಅದು ಇರಲಿಲ್ಲ.

"ಬಾಗಿಲಿಗಾ ಸಾರ್, ಕಿಟಕಿಗಾ?"

"ಹಡಗಿಗೆ" ಅಂದೆ. ಎಷ್ಟು ದೊಡ್ಡದು ಅಂತ ಕೇಳಿದರು. ಕೈ ಅಗಲಿಸಿ ತೋರಿಸಿದೆ. ಅವರು ಗರಗಸದ ಹತ್ತಿರ ಇದ್ದ ಹುಡುಗನನ್ನು ಕೂಗಿ ಕರೆದು, ಸಾರ್ ಹಡಗು ಕಟ್ತಾರಂತೆ ನೋಡು ಅಂತ ಪರಿಚಯ ಮಾಡಿಸಿ, ಮೂಲೆಯಲ್ಲಿ ಬಿದ್ದಿದ್ದ ತೇಗದ ಚಕ್ಕೆಗಳನ್ನು ಆರಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ತೇಗ ಅಂದಮೇಲೆ ಹೇಳಲೇಬೇಕು ಅನ್ನಿಸಿ, ಮಲಬಾರಿನ ತೇಗದಲ್ಲಿ ಮುಂಬೈಯ ವಾಡಿಯಾಗಳು 1817ರಲ್ಲಿ ಕಟ್ಟಿದ ಟ್ರಿಂಕೊಮಲಿ ಅನ್ನುವ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ ಅಂದೆ. ಅವರಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

"ತೇಗ ಅಲ್ವಾ ಸಾರ್, ಇರುತ್ತೆ" ಅಂದರು. "ಅಂಟಿಸೋ ಮುಂಚೆ ತಿನ್ನರ್‌ನಲ್ಲಿ ಒರೆಸಿಕೊಳ್ಳಿ. ಎಣ್ಣೆ ಮರ ಅದು, ಹಂಗೇ ಹಾಕಿದ್ರೆ ಫೆವಿಕಾಲ್ ಹಿಡಿಯಲ್ಲ."