ಗೋಡೆ ಮೊದಲು, ಗುಲಾಬಿ ಆಮೇಲೆ

ಕೊಡಗಿಗೆ ಕೇಕು ಹೊಸ ನೆಂಟನಲ್ಲ. ಡಿಸೆಂಬರಿನಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆಯೂ ಪ್ಲಮ್ ಕೇಕಿಗೆ ಒಣಹಣ್ಣು ನೆನೆದಿರುತ್ತದೆ. ಆದರೆ ಪ್ಲಮ್ ಕೇಕು ಕಪ್ಪಗೆ, ಗಂಭೀರವಾಗಿ, ಸಿಂಗಾರ ಬೇಡದ ಹಿರಿಯರಂತೆ ಕೂತುಬಿಡುತ್ತದೆ. ಹುಟ್ಟುಹಬ್ಬದ ಕೇಕು ಹಾಗಲ್ಲ. ಅದಕ್ಕೆ ಉಡಿಸಬೇಕು, ಮುಡಿಸಬೇಕು, ನೆತ್ತಿಯ ಮೇಲೆ ಹೆಸರು ಬರೆಯಬೇಕು. ಅದನ್ನು ಕಲಿಯಲು ಶನಿವಾರ ಮಧ್ಯಾಹ್ನ ಮಹಿಳಾ ಸಮಾಜದ ಸಭಾಂಗಣದಲ್ಲಿ ಹತ್ತು ಮಂದಿ ಸೇರುತ್ತಾರೆ. ಹೋದ ತಿಂಗಳು ಕ್ರೋಶಾ, ಈ ತಿಂಗಳು ಕ್ರೀಮು.

ಬಂದವರಿಗೆಲ್ಲ ಮೊದಲ ದಿನವೇ ಗುಲಾಬಿ ಬೇಕು. ಸಿಗುವುದು ಕೇಕಿನ ಗೋಡೆಗೆ ಕ್ರೀಮು ಮೆತ್ತುವ ಗಾರೆ ಕೆಲಸ.

6 ಇಂಚಿನ ಸ್ಪಂಜು ಹಿಂದಿನ ದಿನವೇ ಬೆಂದು ಪೂರ್ತಿ ಆರಿರಬೇಕು. ಬಿಸಿ ಉಳಿದಿದ್ದರೆ ಮೇಲಿಟ್ಟ ಕ್ರೀಮು ಕರಗಿ ಇಳಿಯುತ್ತದೆ. ಉಬ್ಬಿದ ನೆತ್ತಿಯನ್ನು ತೆಗೆದು, ಬ್ರೆಡ್ ಚಾಕುವನ್ನು ಅಲುಗಾಡಿಸದೆ ಹಿಡಿದು ಟರ್ನ್‌ಟೇಬಲ್ ತಿರುಗಿಸುತ್ತ ಮೂರು ಪದರ ಮಾಡಬೇಕು. ತಳದ ಪದರವನ್ನೇ ಮಗುಚಿ ಎಲ್ಲಕ್ಕಿಂತ ಮೇಲಿಟ್ಟರೆ ನೆತ್ತಿ ಸಮ, ಅಂಚು ಚೂಪು. ಕಾಲು ಲೋಟ ಸಕ್ಕರೆಗೆ ಅರ್ಧ ಲೋಟ ನೀರಿನ ಪಾಕ ಕುದಿಸಿ ಆರಿಸಿ, ಪದರಕ್ಕೆ ಎರಡು ಮೂರು ದೊಡ್ಡ ಚಮಚದಂತೆ ಸವರಿದರೆ ಸಾಕು. ಪ್ರೀತಿ ಹೆಚ್ಚಾಗಿ ಸುರಿದರೆ ಪದರಗಳು ಜಾರಿ, ಕೇಕಿಗೆ ಹೊಟ್ಟೆ ಬರುತ್ತದೆ.

ಈ ಗಾತ್ರಕ್ಕೆ ವಿಪ್ಪಿಂಗ್ ಕ್ರೀಮು ಸುಮಾರು 200 ಮಿ.ಲೀ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಖಾನೆಗೆ ಇಳಿಸಿ, ಪಾತ್ರೆ, ಬೀಟರಿನ ಕಡ್ಡಿಗಳನ್ನೂ ತಣ್ಣಗಿಡಬೇಕು. ಬೀಟರ್ ಎತ್ತಿದಾಗ ತುದಿ ಗಿಳಿಯ ಕೊಕ್ಕಿನಂತೆ ಬಾಗಿದರೆ ಅದು ಗೋಡೆಗೆ. ಇನ್ನೊಂದಿಷ್ಟು ಹೊತ್ತು ಬೀಟ್ ಮಾಡಿ ತುದಿ ನೆಟ್ಟಗೆ ನಿಂತರೆ ಹೂವಿಗೆ. ಅಷ್ಟರಲ್ಲಿ ಯಾರೋ ಮಾತಿಗೆಳೆದರೆ ಕ್ರೀಮು ಉಪ್ಪಿಟ್ಟಿನಂತೆ ತರಿತರಿ. ಆಗ ಬೀಟ್ ಮಾಡದೆ ಉಳಿದ ತೆಳು ಕ್ರೀಮು ಎರಡು ಚಮಚ ಹಾಕಿ, ಬೀಟರ್ ಬದಿಗಿಟ್ಟು, ಸೌಟಿನಲ್ಲಿ ಮೆಲ್ಲನೆ ತಿರುವಿ ಬೆರೆಸಿದರೆ ಹೆಚ್ಚಿನ ಸಲ ಮತ್ತೆ ನಯವಾಗುತ್ತದೆ. ಊರಿನ ಕಾಫಿಯ ರುಚಿ ಬೇಕೆನ್ನುವವರು ಫಿಲ್ಟರ್ ಡಿಕಾಕ್ಷನ್ ಸುರಿಯಬಾರದು. ಅದರ ನೀರಿಗೆ ಕ್ರೀಮು ಸಡಿಲವಾಗುತ್ತದೆ. ಇಲ್ಲಿ ಮಾತ್ರ ಅಭಿಮಾನ ಬಿಟ್ಟು ಒಂದು ಚಮಚ ಇನ್‌ಸ್ಟಂಟ್ ಪುಡಿಯನ್ನು ಅಷ್ಟೇ ಬಿಸಿನೀರಲ್ಲಿ ಕರಗಿಸಿ ಆರಿಸಬೇಕು.

ಮೊದಲ ಲೇಪ ತೆಳು. ಕೇಕಿನ ಪುಡಿ ಹಿಡಿದಿಡುವುದಷ್ಟೇ ಅದರ ಕೆಲಸ, ಸ್ಪಂಜು ಕಂಡರೂ ಪರವಾಗಿಲ್ಲ. 20 ನಿಮಿಷ ಫ್ರಿಜ್ಜಿನಲ್ಲಿಟ್ಟು ಎರಡನೆಯದನ್ನು ಧಾರಾಳವಾಗಿ ಮೆತ್ತಬೇಕು. ಆಮೇಲೆ ಸ್ಕ್ರೇಪರನ್ನು ಟರ್ನ್‌ಟೇಬಲಿಗೆ ಊರಿ, ಕೇಕಿಗೆ ಓರೆಯಾಗಿ ತಾಗಿಸಿ, ಆ ಕೈ ಅಲ್ಲಾಡಿಸದೆ ಇನ್ನೊಂದು ಕೈಯಿಂದ ತಿರುಗಿಸುವುದು. ಎಲ್ಲರೂ ತಪ್ಪುವುದು ಇಲ್ಲೇ: ಕೇಕು ನಿಂತಿರುತ್ತದೆ, ಕೈ ಸುತ್ತುತ್ತದೆ. ಅಂಚಿನಲ್ಲಿ ಮೇಲೆದ್ದ ಕ್ರೀಮನ್ನು ಹೊರಗಿನಿಂದ ನಡುವಿಗೆ ಎಳೆಯಬೇಕು, ಪ್ರತಿ ಸಲವೂ ಚಾಕು ಒರೆಸಬೇಕು. ಒರೆಸುವ ಬಟ್ಟೆ ಮರೆತವರ ಕೇಕು ದೂರದಿಂದಲೇ ಗೊತ್ತಾಗುತ್ತದೆ.

ಹೂವಿನ ಅಭ್ಯಾಸ ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ. ಕೆರೆದು ಮತ್ತೆ ತುಂಬಿಕೊಳ್ಳಬಹುದು. ಪೈಪಿಂಗ್ ಬ್ಯಾಗನ್ನು ಲೋಟದೊಳಗಿಟ್ಟು ಬಾಯಿ ಹೊರಕ್ಕೆ ಮಡಚಿ ಅರ್ಧ ಮಾತ್ರ ತುಂಬಬೇಕು. ಏಪ್ರಿಲ್‌ನಲ್ಲಂತೂ ಅಂಗೈ ಬಿಸಿಗೇ ಒಳಗಿನದು ಕರಗುತ್ತದೆ. ನಕ್ಷತ್ರದ ನಾಜಲ್ ನೆಟ್ಟಗೆ ಹಿಡಿದು ಒತ್ತಿ, ನಿಲ್ಲಿಸಿ, ಎತ್ತಬೇಕು. ನಿಲ್ಲಿಸದೆ ಎತ್ತಿದರೆ ಹೂವಿಗೆ ಬಾಲ. ಚಕ್ಕುಲಿ ಒತ್ತಿ ಪಳಗಿದವರಿಗೆ ಒತ್ತುವುದು ಗೊತ್ತು, ಮೆಹಂದಿ ಹಾಕಿ ಪಳಗಿದವರಿಗೆ ನಿಲ್ಲಿಸುವುದು ಗೊತ್ತು. ಅವರಿಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸಬೇಕು.

ಮಳೆಗಾಲ ಮೋಸಗಾರ. ಮಡಿಕೇರಿಯ ಜುಲೈ ಚಳಿಗೆ ಕ್ರೀಮು ಗಟ್ಟಿಯಾಗಿ ನಿಲ್ಲುವುದು ನಿಜ. ಆದರೆ ಗಾಳಿಯೇ ಒದ್ದೆ. ಕೇಕಿನ ಮೇಲಿನ ಬೊಂಬೆ ಮಾಡುವ ಸಕ್ಕರೆ ಕಣಕ, ಅಂದರೆ ಫಾಂಡೆಂಟ್, ಆ ತೇವ ಹೀರಿ, ಬೊಂಬೆಯ ಮುಖ ಬೆವರಿ, ಕಣ್ಣಿನ ಕಾಡಿಗೆ ಕೆನ್ನೆಗಿಳಿಯುತ್ತದೆ. ಆ ತಿಂಗಳುಗಳಲ್ಲಿ ಬೊಂಬೆಯ ಸಹವಾಸ ಬೇಡ. ಕೊಡಗಿನ ಕಿತ್ತಳೆ ತೊಳೆ ಇಡುವುದಾದರೂ ಒರೆಸಿ, ಕೇಕು ಕತ್ತರಿಸುವ ತುಸು ಮುಂಚೆ ಇಟ್ಟರೆ ಸರಿ. ಬೇಗ ಇಟ್ಟರೆ ರಸ ಇಳಿದು ಬಿಳಿ ಸೀರೆಗೆ ಕಲೆ.

ಉಳಿದಿದ್ದು ಬರವಣಿಗೆ. ಕರಗಿಸಿದ ಚಾಕೊಲೇಟಿಗೆ ಎರಡು ಹನಿ ಎಣ್ಣೆ ಸರಿ, ಒಂದು ಹನಿ ನೀರು ಬಿದ್ದರೂ ಅದು ಗಂಟು. ಕನ್ನಡದ ಗುಂಡು ಅಕ್ಷರಗಳು ಕೋನಿಗೆ ಹೇಳಿ ಮಾಡಿಸಿದಂತಿವೆ, ಕೈ ಎತ್ತದೆ ಸುತ್ತಿಕೊಂಡು ಹೋಗುತ್ತವೆ. ತೊಡಕು ಒತ್ತಕ್ಷರದ್ದು. ಸಾಲಿನ ಕೆಳಗೆ ಬೆರಳಗಲ ಜಾಗ ಬಿಡದಿದ್ದರೆ ‘ಹುಟ್ಟುಹಬ್ಬ’ದ ಒತ್ತುಗಳು ಕೆಳಗಿನ ಹೆಸರಿನ ತಲೆಯ ಮೇಲೆ ಕೂರುತ್ತವೆ. ಟೂತ್‌ಪಿಕ್ಕಿನಲ್ಲಿ ಮೊದಲು ಗೀರಿ, ಪದದ ನಡುವಿನ ಅಕ್ಷರದಿಂದ ಎರಡೂ ಕಡೆಗೆ ಅಳೆಯಬೇಕು. ಅದರಲ್ಲೂ ಕೊಡವರ ಹೆಸರಿಗೆ ಮನೆಹೆಸರು ಮುಂದೆ. ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂದು ಫೀಲ್ಡ್ ಮಾರ್ಷಲರ ಪೂರ್ತಿ ಹೆಸರನ್ನು 6 ಇಂಚಿನಲ್ಲಿ ಹಿಡಿಸಲು ಹೊರಟರೆ ಕೊನೆಯ ‘ಪ್ಪ’ ಅಂಚಿನಾಚೆ ನೇತಾಡುತ್ತದೆ. ಹಾಗಾಗಿ ನೆತ್ತಿಯ ಮೇಲೆ ಕರೆಯುವ ಹೆಸರು ಮಾತ್ರ. ಮನೆಹೆಸರನ್ನು ಪಕ್ಕದ ಗೋಡೆಗೆ ಇಳಿಸಬಹುದು, ಗೋಡೆ ನೇರ ಬಂದಿದ್ದರೆ.